ಮೊದಲು ಸರ್ವೆ ನಂಬರು, ಆಮೇಲೆ ಸಾಫ್ಟ್‌ವೇರು

ತಂಗೀ, ನಿನ್ನ ಮೆಸೇಜು ಓದಿದೆ. ಮುತ್ತಜ್ಜನ ಆಚೆಗೆ ನಮ್ಮ ಮನೆತನದಲ್ಲಿ ಯಾರ‍್ಯಾರಿದ್ದರು ಅಂತ ಹುಡುಕಬೇಕು, ಅದಕ್ಕೆ ಯಾವ ವೆಬ್‌ಸೈಟು ಒಳ್ಳೇದು, ರೊಕ್ಕ ಕೊಡದೆ ಸಿಗುವ ಸಾಫ್ಟ್‌ವೇರು ಯಾವುದು ಅಂತ ಕೇಳಿದ್ದೀ. ಪುಣೆಯಲ್ಲಿ ಕೂತವಳಿಗೆ ನಮ್ಮೂರು ಗುಂಜಿಯ ಹಳೇ ಮಂದಿಯ ನೆನಪಾಯಿತಲ್ಲ, ಸಂತೋಷ. ನಿನ್ನ ಕಾಕಾ ತಲಾಟಿಕಿ, ಅಂದರೆ ಊರ ಕಂದಾಯದ ಲೆಕ್ಕ ಬರೆಯುವ ಕೆಲಸ, ಮಾಡಿದವನು. ಉತಾರ, ಫೇರಫಾರ, ವಾರಸಾ ಅನ್ನುತ್ತಲೇ ತಲೆ ನೆರೆತಿದೆ. ಹಾಗಾಗಿ ನಾನು ಹೇಳುವ ಮಾತಿನಲ್ಲಿ ದಫ್ತರದ ವಾಸನೆ ಸ್ವಲ್ಪ ಹೆಚ್ಚೇ ಇರುತ್ತದೆ, ಸಹಿಸಿಕೋ.

ನಮ್ಮ ಅಡ್ಡಹೆಸರನ್ನು ಒಂದು ವಿದೇಶಿ ಸೈಟಿನಲ್ಲಿ ಹಾಕಿ ನೋಡಿದೆಯಂತೆ, ಏನೂ ಬರಲಿಲ್ಲವಂತೆ. ಬರುವುದೂ ಇಲ್ಲ. ಆ ಸೈಟುಗಳು ಎದ್ದು ನಿಂತದ್ದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಮತ್ತು ಮನೆಮನೆಯ ಜನಗಣತಿಯ ಹಾಳೆಗಳ ಮೇಲೆ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಜನಗಣತಿಯ ಹಾಳೆಯನ್ನೇ ಜನರ ಮುಂದೆ ಇಡುತ್ತಾರೆ. ನಮ್ಮಲ್ಲಿ 1948ರ ಜನಗಣತಿ ಕಾಯಿದೆ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟು, ಹೊರಗೆ ಬರುವುದು ಅಂಕಿ ಮಾತ್ರ. ಖಾನಾಪುರ ತಾಲೂಕಿನಲ್ಲಿ ಎಷ್ಟು ಮನೆ, ಎಷ್ಟು ಮಂದಿ ಅಂತ ಗೊತ್ತಾದೀತು, ನಿನ್ನ ಮುತ್ತಜ್ಜ ಗೊತ್ತಾಗುವುದಿಲ್ಲ. ಆದರೆ ನಮ್ಮ ಸರಕಾರಗಳು, ಪೇಶ್ವೆಯಿಂದ ಹಿಡಿದು ಇವತ್ತಿನ ತನಕ, ಒಂದನ್ನು ಮಾತ್ರ ಬಿಡದೆ ಬರೆದಿಟ್ಟಿವೆ: ಯಾವ ನೆಲಕ್ಕೆ ಯಾರು ಸಾರಾ ಕಟ್ಟಿದರು, ಅವರು ಸತ್ತ ಮೇಲೆ ಯಾರು ಕಟ್ಟಿದರು. ಮನುಷ್ಯನ ಹುಟ್ಟಿಗಿಂತ ಅವನ ಕಂದಾಯದ ಮೇಲೆ ಅವರಿಗೆ ಅಕ್ಕರೆ. ಅದು ನಮಗೆ ಲಾಭವೇ. ಹೆಸರು ಹಿಡಿದು ಹುಡುಕಬೇಡ, ನೆಲ ಹಿಡಿದು ಹುಡುಕು ಅಂತ ನಾನು ಹೇಳುವುದು ಇದಕ್ಕೇ.

ಅಡ್ಡಹೆಸರು ನಂಬಿಕೊಂಡರೆ ಹೇಗೆ ದಾರಿ ತಪ್ಪುತ್ತದೆ ನೋಡು. ಗುಂಜಿಯಲ್ಲೇ ಇರುವವನನ್ನು ಯಾರೂ ಗುಂಜಿಕರ ಅನ್ನುವುದಿಲ್ಲ. ಊರು ಬಿಟ್ಟವನಿಗೆ ಅಂಟುವ ಹೆಸರು ಅದು. ರಾಮಚಂದ್ರ ಭಿಕಾಜಿ ಗುಂಜಿಕರರು ಮರಾಠಿಯಲ್ಲಿ ದೊಡ್ಡ ಹೆಸರು, 1871ರಲ್ಲಿ ‘ಮೋಚನಗಡ’ ಎಂಬ ಐತಿಹಾಸಿಕ ಕಾದಂಬರಿ ಬರೆದವರು. ಅವರು 1843ರಲ್ಲಿ ಹುಟ್ಟಿದ್ದು ನಮ್ಮ ಜಾಂಬೋಟಿಯಲ್ಲಿ. ಹುಟ್ಟೂರು ಒಂದು, ಹೆಸರಿನಲ್ಲಿ ಕೂತ ಊರು ಇನ್ನೊಂದು. ಅದೇ ಮನುಷ್ಯ 1884ರಲ್ಲಿ ‘ಸರಸ್ವತೀ ಮಂಡಳ’ ಅಂತ ಬ್ರಾಹ್ಮಣ ಪಂಗಡಗಳ ಮೂಲವನ್ನು ಕೆದಕುವ ಪುಸ್ತಕವನ್ನೂ ಬರೆದರು ಅನ್ನುವುದು ನನಗೆ ಮಜಾ ಅನಿಸುತ್ತದೆ. ಹಾಗಾಗಿ ನಿನ್ನ ಅಡ್ಡಹೆಸರಿನಲ್ಲಿರುವ ಊರು ಒಂದು ಸುಳಿವು ಮಾತ್ರ, ಆ ಸುಳಿವಿಗೂ ವಯಸ್ಸು ಎಷ್ಟೋ. ಒಂದೇ ಅಡ್ಡಹೆಸರಿನವರೆಲ್ಲ ಬೀಗರೂ ಅಲ್ಲ, ಭಾವಕಿಯೂ ಅಲ್ಲ, ಅಂದರೆ ದಾಯಾದಿಗಳೂ ಅಲ್ಲ. ಒಂದೇ ಭಾವಕಿಯವರು ಎರಡು ಅಡ್ಡಹೆಸರಿನಲ್ಲಿ ಬರೆಸಿಕೊಂಡದ್ದನ್ನು ನಾನೇ ದಫ್ತರದಲ್ಲಿ ನೋಡಿದ್ದೇನೆ.

ಕಂಪ್ಯೂಟರ್ ಮುಟ್ಟುವ ಮೊದಲು ನಿನ್ನ ಆಯಿಯ ಹತ್ತಿರ ಕೂಡು. ಫೋನಿನಲ್ಲಿ ಧ್ವನಿಮುದ್ರಣ ಹಚ್ಚಿ ಪಕ್ಕಕ್ಕೆ ಇಡು, ಆಮೇಲೆ ಸುಮ್ಮನಿರು. ‘ಅಜ್ಜ ಯಾವ ಇಸವಿಯಲ್ಲಿ ಹುಟ್ಟಿದ್ದು’ ಅಂತ ಕೇಳಿದರೆ ‘ನನಗೇನ ಗೊತ್ತ’ ಅನ್ನುತ್ತಾಳೆ. ‘ಗಾಂಧಿ ಬೆಳಗಾವಿಗೆ ಬಂದಾಗ ಅವರು ಎಷ್ಟು ದೊಡ್ಡವರಿದ್ದರಂತೆ’ ಅಂತ ಕೇಳಿ ನೋಡು. ‘ತೊಟ್ಟಿಲದಾಗ ಇದ್ದರಂತ’ ಅಂದರೆ ಸಿಕ್ಕಿತು: ಕಾಂಗ್ರೆಸ್ ಅಧಿವೇಶನ ಆದದ್ದು 1924ರ ಡಿಸೆಂಬರಿನಲ್ಲಿ. ಹಾಗೆಯೇ ಪ್ಲೇಗಿಗೆ ಹೆದರಿ ಊರು ಬಿಟ್ಟು ಗುಡಿಸಲು ಹಾಕಿದ್ದು, ಮರಾಠಿ ಮನೆಗಳಲ್ಲಿ ಮಾನಮೋಡಿ ಅನ್ನುವ 1918ರ ಜ್ವರ, 1956ರಲ್ಲಿ ನಾವು ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ್ದು, 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದದ್ದು. ನಮ್ಮ ಕಡೆ ಮುದುಕಿಯರ ಪಂಚಾಂಗ ಇದು. ಶಾಲೆಯ ದಾಖಲೆಯ ಜನ್ಮತಾರೀಖು ಹಿಡಿದು ಮೆರೆಯಬೇಡ. ನಮ್ಮ ಪೀಳಿಗೆಯಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ರಂದು, ಯಾಕಂದರೆ ಮಾಸ್ತರರು ಹುಡುಗನ ಹಲ್ಲು ನೋಡಿ ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಹೊಂದಿಸಿ ಬರೆದುಬಿಡುತ್ತಿದ್ದರು. ಆದರೂ ಶಾಲೆಯ ಜನರಲ್ ರಜಿಸ್ಟರ್ ನೋಡುವುದು ಒಳ್ಳೇದೇ. ತಾರೀಖು ಸುಳ್ಳಿರಬಹುದು, ತಂದೆಯ ಹೆಸರು, ಜಾತಿ, ಹಿಂದಿನ ಊರು ಸುಳ್ಳಿರುವುದು ಕಡಿಮೆ.

ಇನ್ನು ನೆಲದ ಮಾತು. ನಮ್ಮ ಹಳೇ ಗದ್ದೆಯ ಸರ್ವೆ ನಂಬರು ನಿನ್ನಪ್ಪನ ಹತ್ತಿರ ಇದೆ. ಮೊದಲು ಕಂದಾಯ ಇಲಾಖೆಯ ಭೂಮಿ ಜಾಲತಾಣಕ್ಕೆ ಹೋಗು. ಬೆಳಗಾವಿ ಜಿಲ್ಲೆ, ಖಾನಾಪುರ ತಾಲೂಕು, ಗುಂಜಿ ಹೋಬಳಿ, ಊರು, ಸರ್ವೆ ನಂಬರು, ಹಿಸ್ಸಾ ಅಂತ ಒಂದೊಂದೇ ಆರಿಸಿದರೆ ಉತಾರ, ಅಂದರೆ ಪಹಣಿ, ಕಣ್ಣ ಮುಂದೆ ಬರುತ್ತದೆ. ಸುಮ್ಮನೆ ನೋಡಲಿಕ್ಕೆ ಪೈಸೆಯಿಲ್ಲ. ಸಹಿಯಿದ್ದ ನಕಲು ಬೇಕಾದರೆ ಮಾತ್ರ ಶುಲ್ಕ. ಹಳೆಯ ವರ್ಷಗಳನ್ನೂ ಆರಿಸಲಿಕ್ಕೆ ಬರುತ್ತದೆ. ಅದೇ ಜಾಲತಾಣದಲ್ಲಿ ಪ್ರತಿ ಊರಿನ ಕಂದಾಯ ನಕ್ಷೆಯನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ದಿಶಾಂಕ್ ಅಂತ ಒಂದು ಸರಕಾರಿ ಆ್ಯಪ್ ಇದೆ, ಹೊಲದಲ್ಲಿ ನಿಂತು ತೆರೆದರೆ ಕಾಲ ಕೆಳಗಿನ ಸರ್ವೆ ನಂಬರು ತೋರಿಸುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆ ಸರ್ವೇಯರನನ್ನು ಕರೆತಂದು ಊಟ ಹಾಕಿಸಬೇಕಿತ್ತು.

ಭೂಮಿಯಲ್ಲಿ ಕಾಣುವುದು ಕಂಪ್ಯೂಟರ್ ಬಂದ ಮೇಲಿನ ಸುದ್ದಿ, ಅಂದರೆ ಹೆಚ್ಚುಕಡಿಮೆ 2000ದಿಂದ ಈಚೆಗಿನದು. ಅದಕ್ಕಿಂತ ಹಿಂದೆ ಹೋಗಬೇಕಾದರೆ ಕೈಬರಹದ ಉತಾರದ ನಕಲು ತೆಗೆಸಬೇಕು. ಅದನ್ನು ಓದುವ ಬಗೆ ಹೇಳುತ್ತೇನೆ, ಇದು ಯಾವ ಸೈಟೂ ಕಲಿಸುವುದಿಲ್ಲ. ಕಬಜೇದಾರರ ಕಾಲಂ ನೋಡು. ಮೇಲೆ ಒಂದು ಹೆಸರು, ಅದಕ್ಕೆ ಕಂಸ ಹಾಕಿರುತ್ತದೆ. ಕಂಸ ಬಿದ್ದಿತು ಅಂದರೆ ಆ ಮನುಷ್ಯನ ಹಕ್ಕು ತೀರಿತು. ಪಕ್ಕದಲ್ಲಿ ಒಂದು ಸುತ್ತು ಹಾಕಿ ಅದರೊಳಗೆ ನಂಬರು ಬರೆದಿರುತ್ತಾರೆ. ಅದು ಫೇರಫಾರ ನಂಬರು. ಆ ನಂಬರನ್ನು ಬರೆದುಕೊಂಡು ಹಕ್ಕು ಬದಲಾವಣೆಯ ಪುಸ್ತಕದಲ್ಲಿ ಹೋಗಿ ನೋಡಿದರೆ ಆ ಸಂಸಾರದ ಕತೆ ನಾಲ್ಕು ಸಾಲಿನಲ್ಲಿ ಇರುತ್ತದೆ: ಇಂಥವರು ಇಂಥ ತಾರೀಖಿಗೆ ಮಯತ ಆದರು, ಹಿಂದೆ ವಾರಸರು ಇಂಥಿಂಥವರು, ವರ್ದಿ ಕೊಟ್ಟವರು ಇಂಥವರು. ಮಕ್ಕಳು ಸಣ್ಣವರಿದ್ದರೆ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಅಂತ ಇರುತ್ತದೆ. ಅಜ್ಞಾನ ಪಾಲನಕರ್ತ, ಅಂದರೆ ಅಪ್ಪ ಸತ್ತಾಗ ಮಕ್ಕಳು ವಯಸ್ಸಿಗೆ ಬಂದಿರಲಿಲ್ಲ, ತಾಯಿ ಸಾಕಿದಳು. ‘ಏ.ಕು.ಮ್ಯಾ.’ ಅಂತಿದ್ದರೆ ಏಕತ್ರ ಕುಟುಂಬದ ಮ್ಯಾನೇಜರು. ಅವನೊಬ್ಬನ ಹೆಸರಿನ ಹಿಂದೆ ಅಡಗಿಕೊಂಡ ತಮ್ಮಂದಿರು ಇದ್ದಾರೆ, ಬಿಡಬೇಡ. ‘ಬಿನ್’ ಇದ್ದರೆ ಮಗ, ‘ಕೋಂ’ ಅಥವಾ ‘ಭ್ರತಾರ’ ಇದ್ದರೆ ಮುಂದಿನದು ಗಂಡನ ಹೆಸರು, ಮುಸಲ್ಮಾನರ ಮನೆಗಳಿಗೆ ‘ವಲದ’. ಒಂದು ಕಂಸದಿಂದ ಇನ್ನೊಂದು ಕಂಸಕ್ಕೆ ಹಿಂದೆ ಹಿಂದೆ ಹೋಗು. ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ. ಹಾಗಾಗಿ ಅದೃಷ್ಟವಿದ್ದರೆ ನೂರು ವರ್ಷದ ಆಚೆಗೆ, ಆ ಹೆಸರಿನ ಜತೆಗಿರುವ ತಂದೆಯ ಹೆಸರು ಹಿಡಿದರೆ ಇನ್ನೂ ಒಂದು ತಲೆಮಾರು ಹಿಂದಕ್ಕೆ ಮುಟ್ಟುತ್ತೀ.

ಹೀಗೆ ಹೋಗುವಾಗ ಮುಗ್ಗರಿಸುವ ಜಾಗ ಒಂದಿದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಮಲ್ಲಪ್ಪ ಬಸಪ್ಪ, ಅವನ ಮಗ ಬಸಪ್ಪ ಮಲ್ಲಪ್ಪ, ಮತ್ತೆ ಮಲ್ಲಪ್ಪ ಬಸಪ್ಪ. ಎರಡು ತಲೆಮಾರಿನ ಇಬ್ಬರು ಮಲ್ಲಪ್ಪಂದಿರನ್ನು ಒಬ್ಬನೇ ಅಂದುಕೊಂಡರೆ ಅವನು ನೂರಾ ಹತ್ತು ವರ್ಷ ಬದುಕಿದ ಲೆಕ್ಕ ಬರುತ್ತದೆ! ಇಲ್ಲಿಯೇ ಸರ್ವೆ ನಂಬರು ನಿನ್ನ ಕೈ ಹಿಡಿಯುವುದು. ಹೆಸರು ಎಷ್ಟು ಸಲ ಬಂದರೂ ಗದ್ದೆ ಒಂದೇ, ಫೇರಫಾರ ನಂಬರು ಬೇರೆ ಬೇರೆ.

ಹಳೆಯ ಪುಸ್ತಕ ಮೋಡಿಯಲ್ಲಿರುತ್ತದೆ, ಹೆದರಬೇಡ. ಆ ಕಾಲದಲ್ಲಿ ಮನೆಯಲ್ಲಿ ಕನ್ನಡ ಆಡಿದವರ ಲೆಕ್ಕವೂ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನಂಥವರು ಹಟ ಹಿಡಿದು ಕನ್ನಡ ಶಾಲೆ ತೆರೆಸದಿದ್ದರೆ ನಾನೂ ನಿನಗೆ ಹೀಗೆ ಕನ್ನಡದಲ್ಲಿ ಬರೆಯುತ್ತಿರಲಿಲ್ಲವೇನೋ. ಮೋಡಿ ಈಗ ಯುನಿಕೋಡಿನಲ್ಲಿ ಇದೆ, 2014ರಲ್ಲಿ ಸೇರಿತು. ಅಕ್ಷರಮುಖ ಅನ್ನುವ ಪುಕ್ಕಟೆ ತಾಣದಲ್ಲಿ ಕನ್ನಡದಲ್ಲಿ ನಮ್ಮ ಮನೆತನದ ಹೆಸರು, ಊರಿನ ಹೆಸರು ಹೊಡೆದು ಮೋಡಿಗೆ ತಿರುಗಿಸಿ ಒಂದು ಹಾಳೆಗೆ ಅಚ್ಚು ಹಾಕಿಸಿಕೋ. ಕೈಬರಹವನ್ನು ಅದು ಓದಿ ಹೇಳುವುದಿಲ್ಲ, ಆದರೆ ನೀನು ಹುಡುಕುವ ನಾಲ್ಕು ಶಬ್ದಗಳ ಆಕಾರ ಕಣ್ಣಿಗೆ ರೂಢಿಯಾದರೆ ಇಡೀ ಪುಟದಲ್ಲಿ ಅವು ಎಲ್ಲಿ ಕೂತಿವೆ ಅಂತ ಗುರುತು ಹತ್ತುತ್ತದೆ. ಆ ಪುಟವನ್ನಷ್ಟೇ ಫೋಟೋ ತೆಗೆದು ಮೋಡಿ ಬಲ್ಲವರಿಗೆ ತೋರಿಸು. ಪುಣೆಯಲ್ಲಿಯೇ ಇದ್ದೀಯಲ್ಲ, ಅಲ್ಲಿ ಮೋಡಿ ಕಲಿಸುವವರಿಗೆ ಬರವಿಲ್ಲ. ಪೇಶ್ವೆ ದಫ್ತರವೂ ಅಲ್ಲಿಯೇ ಇದೆ. ನಮ್ಮ ಭಾಗ ಇಂಗ್ಲಿಷರ ಕೈಗೆ ಹೋದದ್ದು 1818ರಲ್ಲಿ. ಅದಕ್ಕಿಂತ ಹಿಂದಿನ ಇನಾಮು, ವತನದ ಕಾಗದ ಹುಡುಕುವಷ್ಟು ದೂರ ನೀನು ಬಂದರೆ ಆ ದಫ್ತರ ನಿನ್ನ ಕಾಲ್ನಡಿಗೆಯ ದೂರದಲ್ಲಿದೆ. ಆದರೆ ಅದು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಈಗ ಒಂದು ಕಟು ಮಾತು. ಈ ಕಾಗದಗಳಲ್ಲೆಲ್ಲ ಗಂಡಸರೇ ತುಂಬಿದ್ದಾರೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ನೋಡಿದ್ದೀಯಲ್ಲ, ಹಳೇ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳು ಹುಟ್ಟಿಯೇ ಇಲ್ಲ ಅನ್ನುವ ಹಾಗೆ ಬಿಟ್ಟು ಬರೆದಿರುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾಯಿದೆ ಬಂತು. ಅದರ ಹಿಂದಿನ ವಂಶಾವಳಿಯನ್ನು ಪೂರ್ತಿ ನಂಬಬೇಡ. ಅಕ್ಕತಂಗಿಯರು ಸಿಗುವುದು ಬೇರೆ ಕಡೆ. ಒಂದು, ಹಕ್ಕು ಬಿಟ್ಟುಕೊಟ್ಟ ಸೋಡಪತ್ರ. ಅಣ್ಣನಿಗೆ ಆಸ್ತಿ ಸಲೀಸಾಗಲಿ ಅಂತ ತಂಗಿಯರನ್ನು ಸಬ್‌ರಜಿಸ್ಟ್ರಾರ್ ಕಚೇರಿಗೆ ಕರೆತಂದು ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಪ್ರತಿ ಹೆಬ್ಬೆಟ್ಟಿನ ಪಕ್ಕ ಅವಳ ಹೆಸರು, ಗಂಡನ ಹೆಸರು, ವಯಸ್ಸು, ಕೊಟ್ಟ ಊರು. ನಿನ್ನ ಮುತ್ತಜ್ಜನ ತಂಗಿಯರು ನಂದಗಡದಲ್ಲಿದ್ದರೋ ಬೀಡಿಯಲ್ಲಿದ್ದರೋ ಅಂತ ಆ ಒಂದು ಕಾಗದ ಹೇಳುತ್ತದೆ. ಪಾಲು ಕೊಡುವಾಗ ಮರೆತವರನ್ನು ಪಾಲು ಬಿಡಿಸುವಾಗ ಮಾತ್ರ ಒಬ್ಬರನ್ನೂ ಬಿಡದೆ ನೆನಪಿಟ್ಟಿದ್ದಾರೆ.

ಇನ್ನೊಂದು, ಆಯೇರಿ ಪುಸ್ತಕ. ಮದುವೆಯಲ್ಲಿ ಯಾರು ಏನು ಕೊಟ್ಟರು ಅಂತ ಬರೆದಿಡುವ ನೋಟುಬುಕ್ಕು. ನಮ್ಮ ಮನೆಯ ಟ್ರಂಕಿನಲ್ಲಿ ಒಂದಿದೆ, ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ಕುಂಕುಮದ ಕಲೆ. ಒಳಗೆ ಸಾಲು ಸಾಲಾಗಿ: ಇಂಥ ಊರಿನ ಸೋದರಮಾವ, ಒಂದು ಧೋತರ, ಒಂದು ಕುಪ್ಪಸ; ಇಂಥ ಊರಿನ ಬೀಗರು, ಐದು ರೂಪಾಯಿ; ಅತ್ತಿ, ಒಂದು ತಾಟು, ಎರಡು ವಾಟಗ. ಓದಿದರೆ ಕಿರಾಣಿ ಲೆಕ್ಕದ ಹಾಗೆ ಕಾಣುತ್ತದೆ. ಆದರೆ ಯಾರು ಮೊದಲ ಪುಟದಲ್ಲಿ ಬಂದಿದ್ದಾರೆ, ಯಾರು ಬಟ್ಟೆ ತಂದಿದ್ದಾರೆ, ಯಾರು ಬರೇ ರೊಕ್ಕ ಕೊಟ್ಟು ಹೋಗಿದ್ದಾರೆ ಅನ್ನುವುದರಲ್ಲಿ ನಂಟಿನ ದೂರ ಹತ್ತಿರ ಪೂರಾ ಇದೆ. ಸೋದರಮಾವನ ಊರು ಸಿಕ್ಕಿದರೆ ಅಜ್ಜಿಯ ತವರುಮನೆ ಸಿಕ್ಕಿದ ಹಾಗೆಯೇ. ನಮ್ಮ ಮನೆಯದಷ್ಟೇ ಅಲ್ಲ, ಬೀಗರ ಮನೆಯ ಪುಸ್ತಕವನ್ನೂ ಕೇಳಿ ನೋಡು, ಅಲ್ಲಿ ನಮ್ಮವರು ಇರುತ್ತಾರೆ. ಫೋಟೋ ತೆಗೆಯುವಾಗ ರಟ್ಟಿನಿಂದ ರಟ್ಟಿನ ತನಕ ಖಾಲಿ ಪುಟ ಸಹಿತ ತೆಗೆ.

ನೆಲವೇ ಇಲ್ಲದ ಮನೆಗಳವರು ಏನು ಮಾಡಬೇಕು ಅಂತ ನಿನ್ನ ಗೆಳತಿ ಕೇಳಿದಳಂತೆ. ಒಳ್ಳೆಯ ಪ್ರಶ್ನೆ. ಪರರ ಗದ್ದೆ ಮಾಡಿದ ರೈತರಿದ್ದರೆ 1974ರ ಭೂಸುಧಾರಣೆಯ ಕಡತ ನೋಡಬೇಕು. ನಮೂನೆ 7ರ ಅರ್ಜಿಯಲ್ಲಿ, ಭೂನ್ಯಾಯ ಮಂಡಳಿಯ ಆದೇಶದಲ್ಲಿ ‘ನನ್ನ ಅಪ್ಪ, ಅಜ್ಜನ ಕಾಲದಿಂದ ಸಾಗುವಳಿ’ ಅಂತ ಹೇಳಿಕೆ ಇರುತ್ತದೆ. ಊರ ಚಾಕರಿಯ ತಳವಾರ, ಸನದಿ, ಹೊಲೆಯರ ಮನೆಗಳಿದ್ದರೆ ವತನದ ಕಾಗದ. 1961ರ ಕಾಯಿದೆಯಲ್ಲಿ ಗ್ರಾಮ ಹುದ್ದೆಗಳು ರದ್ದಾಗಿ ಭೂಮಿ ಮರಳಿ ಮಂಜೂರಾಗುವಾಗ ವತನದಾರರ ವಂಶಾವಳಿಯನ್ನು ಬರೆಸಿಕೊಂಡಿದ್ದಾರೆ. ದೊಡ್ಡವರೆನಿಸಿಕೊಂಡವರ ಮನೆಯಲ್ಲಿ ಇಲ್ಲದಷ್ಟು ಚೊಕ್ಕ ವಂಶಾವಳಿ ಕೆಲವು ಸಲ ಅಲ್ಲಿ ಸಿಗುತ್ತದೆ.

ಪಲ್ಟಣಕ್ಕೆ ಹೋದವರ ಮನೆಗಳಿಗೆ ಮಾತ್ರ ವಿದೇಶಿ ಸೈಟೇ ಕೆಲಸಕ್ಕೆ ಬರುವುದು. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ಗೊತ್ತಲ್ಲ. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಾದಲ್ಲಿ ಕಾದಿದವು, 103 ಮತ್ತು 110ನೆಯ ಪಲ್ಟಣಗಳು 1915ರ ಡಿಸೆಂಬರಿನಲ್ಲಿ ಶುರುವಾದ ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಮಡಿದವರ ಹೆಸರು ಪುಕ್ಕಟೆ ಹುಡುಕಬಹುದು. ಎಷ್ಟೋ ಸಿಪಾಯಿಗಳ ಹೆಸರಿನ ಜತೆ ತಂದೆಯ ಹೆಸರು, ಊರು, ತಾಲೂಕು, ಬೆಳಗಾವಿ ಜಿಲ್ಲೆ ಅಂತ ಬರೆದಿದೆ. ಆದರೆ ಅದನ್ನು ಬರೆದವನು ಇಂಗ್ಲಿಷ್ ಗುಮಾಸ್ತ. ನಮ್ಮ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಹಾಗಾಗಿ ಹೆಸರಿನ ಬದಲು ಪಲ್ಟಣವನ್ನೂ ಬೆಳಗಾವಿಯನ್ನೂ ಹಿಡಿದು ಸೋಸು. ಬೆಳಗಾವಿಯ ಹಳೇ ಇಂಗ್ಲಿಷ್ ರೂಪ ಬೆಲ್‌ಗಾಮ್ ಅಂತಲೇ ಹಾಕಬೇಕು, 2014ರಲ್ಲಿ ಬದಲಾದ ಹೆಸರು ಆ ಗುಮಾಸ್ತನಿಗೆ ಗೊತ್ತಿಲ್ಲ.

ಫ್ಯಾಮಿಲಿಸರ್ಚ್ ಬಗ್ಗೆ ಕೇಳಿದ್ದೀ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಚರ್ಚು ನಡೆಸುವ ಸಂಸ್ಥೆ, 1894ರಿಂದ ವಂಶಾವಳಿಯ ಕೆಲಸ ಮಾಡುತ್ತಿದೆ. ಖಾತೆ ತೆರೆಯಲಿಕ್ಕೆ ದುಡ್ಡಿಲ್ಲ. ಹರಿದ್ವಾರ ಮೊದಲಾದ ಕ್ಷೇತ್ರಗಳ ಪಂಡಾಗಳು ಯಾತ್ರಿಕರ ಮನೆತನ ಬರೆದಿಡುವ ವಹಿಗಳ ಚಿತ್ರಗಳೂ ಅಲ್ಲಿವೆ. ನಮ್ಮ ಮಂದಿ ಹರಿದ್ವಾರಕ್ಕೆ ಹೋದದ್ದು ಅಪರೂಪ. ನಾಸಿಕ, ತ್ರ್ಯಂಬಕ, ಪಂಢರಪುರ, ಗೋಕರ್ಣಕ್ಕೆ ಹೋದವರೇ ಹೆಚ್ಚು. ಅಲ್ಲಿಯ ಪುರೋಹಿತರ ವಹಿಯನ್ನು ಕಾಣಬೇಕಾದರೆ ಕಾಲಿಗೆ ಚಪ್ಪಲಿ ಮೆಟ್ಟಿಯೇ ಹೋಗಬೇಕು. ನಾಸಿಕದಲ್ಲಿ ಗೋದಾವರಿ ದಂಡೆಯಲ್ಲಿ ‘ಯಾವ ಊರು, ಯಾವ ಅಡ್ಡಹೆಸರು’ ಅಂತ ಕೇಳಿ ವಹಿ ಬಿಚ್ಚುತ್ತಾರೆ. ನಮ್ಮ ಹಿರಿಯರು ಕಾಲಿಟ್ಟಿದ್ದರೆ ಅವರದೇ ಸಹಿ ಸಿಕ್ಕೀತು. ಪುಣೆಯಿಂದ ಒಂದು ಭಾನುವಾರದ ಕೆಲಸ.

ಹೆಳವರನ್ನು ಮಾತ್ರ ಮರೆಯಬೇಡ. ಗಂಟೆ ಬಾರಿಸುತ್ತ ಎತ್ತಿನ ಮೇಲೆ ಬರುತ್ತಿದ್ದವರು. ಈಗ ಮೋಟರ್‌ಸೈಕಲ್ಲಿನಲ್ಲಿ ಬರುವವರೂ ಉಂಟು. ಯಾವ ಮನೆ ಯಾರ ಪಾಲಿಗೆ ಅನ್ನುವುದು ಅವರವರಲ್ಲಿಯೇ ಹಂಚಿಕೆಯಾಗಿದೆ. ಮನೆತನದ ಮೂಲಪುರುಷ ಎಲ್ಲಿಂದ ಬಂದ, ಎಲ್ಲಿ ಹೊಕ್ಕ, ಯಾರ ಹೊಟ್ಟೆಯಲ್ಲಿ ಯಾರು ಅಂತ ಪುಸ್ತಕ ತೆರೆದು ಹಾಡಿನಂತೆ ಹೇಳುತ್ತಾರೆ. ಕಾಳು, ಬಟ್ಟೆ, ರೊಕ್ಕ ಕೊಟ್ಟು ಕಳಿಸುತ್ತೇವೆ. ಅವರು ಹೇಳಿದ್ದೆಲ್ಲ ದಿಟ ಅಂತ ನಾನು ಅನ್ನುವುದಿಲ್ಲ. ಮೇಲಿನ ಹತ್ತು ತಲೆಮಾರು ಕತೆಯಿರಬಹುದು. ಕೆಳಗಿನ ನಾಲ್ಕು ತಲೆಮಾರನ್ನು ಫೇರಫಾರದ ಜತೆ ತಾಳೆ ಹಾಕಿದರೆ ಗಟ್ಟಿ ನಿಲ್ಲುವುದನ್ನು ನಾನು ಕಂಡಿದ್ದೇನೆ, ಜತೆಗೆ ಫೇರಫಾರದಲ್ಲಿಲ್ಲದ, ಮಕ್ಕಳಿಲ್ಲದೆ ಸತ್ತವರ ಹೆಸರು, ವಲಸೆ ಹೋದವರ ಹೆಸರು ಅವರ ಬಾಯಲ್ಲೇ ಇರುತ್ತದೆ. ಸುಗ್ಗಿಯ ಮೇಲೆ ನಮ್ಮ ಹೆಳವ ಬಂದರೆ ನಿನಗೆ ಫೋನು ಹಚ್ಚುತ್ತೇನೆ, ವಿಡಿಯೋ ಮಾಡಿಕೋ. ಅವನ ಒಪ್ಪಿಗೆ ಕೇಳಿ, ಕೊಡುವುದನ್ನು ಕೊಟ್ಟು ಮಾಡಿಕೋ. ಅದು ಅವನ ಬದುಕು, ಪುಕ್ಕಟೆ ಸಾಮಾನಲ್ಲ.

ಗೋವೆಯಿಂದ ಘಟ್ಟ ಹತ್ತಿ ಬಂದ ಮನೆಗಳವರಿಗೆ ಇನ್ನೊಂದು ದಾರಿ. ಗೋವೆಯ ದೇವಸ್ಥಾನಗಳಲ್ಲಿ ಮಹಾಜನರ, ಅಂದರೆ ಆ ದೇವಸ್ಥಾನದ ಹಕ್ಕುದಾರ ಮನೆತನಗಳ, ಪಟ್ಟಿ ಇರುತ್ತದೆ. ಕುಲದೇವರು ಯಾರು ಅಂತ ಗೊತ್ತಿದ್ದರೆ ಅಲ್ಲಿಂದ ಶುರು ಮಾಡಬೇಕು. ಕ್ರಿಶ್ಚಿಯನ್ ಮನೆಗಳಿದ್ದರೆ ಚರ್ಚಿನ ಪುಸ್ತಕ. ಬೆಳಗಾವಿ ಧರ್ಮಪ್ರಾಂತ ಬೇರೆಯಾದದ್ದು 1953ರಲ್ಲಿ, ಅದರ ಹಿಂದಿನ ಕಾಗದಕ್ಕೆ ಗೋವೆ, ಪುಣೆಯ ಕಡೆಗೂ ಕಣ್ಣು ಹಾಯಿಸಬೇಕಾಗುತ್ತದೆ. ನಮ್ಮ ಮನೆತನಕ್ಕೆ ಎರಡೂ ಸಲ್ಲವು, ಆದರೆ ನಿನ್ನ ಗೆಳತಿಗೆ ಹೇಳು.

ಊರು ಆಗ ಹೇಗಿತ್ತು ಅಂತ ತಿಳಿಯಬೇಕಾದರೆ 1884ರಲ್ಲಿ ಬಂದ ಮುಂಬಯಿ ಇಲಾಖೆಯ ಗೆಜೆಟಿಯರು, ಸಂಪುಟ 21, ಬೆಳಗಾವಿ ಜಿಲ್ಲೆಯದು, ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಇದೆ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ್ದು. ನಮ್ಮ ಹಿರಿಯರ ಹೆಸರು ಅದರಲ್ಲಿಲ್ಲ. ಆಗಿನ ಮಂದಿ ಏನು ಬೆಳೆದರು, ಯಾವ ಸಂತೆಗೆ ಹೋದರು, ಯಾವ ದಾರಿಯಲ್ಲಿ ಬಂಡಿ ಹೊಡೆದರು ಅನ್ನುವುದು ಇದೆ. ಅದು ಅಚ್ಚಾದ ಮೇಲೆ ನಾಲ್ಕೈದು ವರ್ಷದೊಳಗೆ ಲೋಂಡಾ ಕಡೆಯ ರೈಲು ಬಂದು ಆ ಬಂಡಿಯವರ ಹೊಟ್ಟೆಪಾಡೇ ಬದಲಾಯಿತು. ಗುಂಜಿಯಲ್ಲಿ ಎಲ್ಲಿಯದೋ ಅಡ್ಡಹೆಸರಿನ ರೈಲ್ವೆ ಮನೆಗಳು ಯಾಕಿವೆ ಅನ್ನುವುದಕ್ಕೂ ಅದೇ ಉತ್ತರ. ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ ಪಟಲ ಅನ್ನುವ ತಾಣವನ್ನೂ ಒಮ್ಮೆ ಜಾಲಾಡು. ಸಿಕ್ಕರೆ ಸಿಕ್ಕಿತು.

ಈಗ ಸಾಫ್ಟ್‌ವೇರು. ಗ್ರ್ಯಾಂಪ್ಸ್ ಹಾಕಿಕೋ. ಪುಕ್ಕಟೆ, ಮುಕ್ತ ತಂತ್ರಾಂಶ, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರಲಿ ಲಿನಕ್ಸ್ ಇರಲಿ ನಡೆಯುತ್ತದೆ. ನೀನು ಬರೆದದ್ದು ನಿನ್ನ ಯಂತ್ರದಲ್ಲಿಯೇ ಇರುತ್ತದೆ, ಯಾರದೋ ಕಂಪನಿಯ ಕಪಾಟಿನಲ್ಲಿ ಅಲ್ಲ. ನಾನು ಅದನ್ನು ಮೆಚ್ಚಿದ್ದು ಬೇರೆ ಎರಡು ಕಾರಣಕ್ಕೆ. ನಿನ್ನ ಅಜ್ಜಿಯನ್ನೇ ತೆಗೆದುಕೋ. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆದ ಹೆಸರು ಇನ್ನೊಂದು, ಊರಲ್ಲಿ ಕರೆಯುವುದು ಮೂರನೆಯದು. ಗ್ರ್ಯಾಂಪ್ಸಿನಲ್ಲಿ ಒಬ್ಬಳಿಗೇ ಮೂರೂ ಹೆಸರು ಹಾಕಬಹುದು: ಹುಟ್ಟಿದ ಹೆಸರು, ಮದುವೆಯ ಹೆಸರು, ರೂಢಿಯ ಹೆಸರು. ಯಾವುದರಲ್ಲಿ ಹುಡುಕಿದರೂ ಸಿಗುತ್ತಾಳೆ. ದತ್ತಕ ಹೋದ ಮಗನಿಗೆ ಹೆತ್ತವರನ್ನೂ ದತ್ತಕ ತಂದವರನ್ನೂ ಬೇರೆ ಬೇರೆಯಾಗಿ ಕಾಣಿಸಬಹುದು. ಎರಡನೆಯದು ಊರಿನ ಲೆಕ್ಕ. ಗುಂಜಿ ಅಂತ ಒಂದೇ ಊರು ಬರೆದು ಅದರ ಮೇಲೆ ಖಾನಾಪುರ ತಾಲೂಕು, ಬೆಳಗಾವಿ ಜಿಲ್ಲೆ, 1956ರ ಅಕ್ಟೋಬರ್ ತನಕ ಮುಂಬಯಿ, ಆಮೇಲೆ ಮೈಸೂರು, 1973ರ ನವೆಂಬರಿನಿಂದ ಕರ್ನಾಟಕ ಅಂತ ತಾರೀಖು ಸಹಿತ ಕೂಡಿಸಬಹುದು. ಗಡಿ ಭಾಗದವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಇಸವಿ ಗೊತ್ತಿಲ್ಲದ ಕಡೆ ‘ಸುಮಾರು’, ‘ಮೊದಲು’, ‘ಆಮೇಲೆ’ ಅಂತ ಹಾಕಲಿಕ್ಕೂ ಸೌಲಭ್ಯ ಇದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ತುಂಬಬೇಡ.

ಬರೆಯುವಾಗ ಯುನಿಕೋಡಿನಲ್ಲಿಯೇ ಬರೆ. ಹಳೇ ನುಡಿ, ಬರಹ ಅಕ್ಷರಗಳಲ್ಲಿ ಹೊಡೆದ ಫೈಲುಗಳು ಬೇರೆ ಯಂತ್ರದಲ್ಲಿ ಹೇಗೆ ಚಿತ್ರವಿಚಿತ್ರ ಕಾಣುತ್ತವೆ ಅಂತ ಗೊತ್ತಲ್ಲ. ಪ್ರತಿ ಮಾತಿನ ಕೆಳಗೆ ಅದು ಎಲ್ಲಿಂದ ಬಂತು ಅಂತ ಹಾಕು: ಆಯಿ ಹೇಳಿದ್ದೋ, ಫೇರಫಾರ ನಂಬರೋ, ಆಯೇರಿ ಪುಸ್ತಕದ ಪುಟವೋ. ಫೋಟೋಗಳ ಹೆಸರನ್ನು ಊರು, ಸರ್ವೆ ನಂಬರು, ಇಸವಿ ಅಂತ ಇಡು. ‘ವಾಟ್ಸಾಪ್ ಇಮೇಜ್’ ಅಂತ ಸಾವಿರ ಫೈಲು ಕೂತರೆ ಅವು ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ ಜೆಡ್‌ಕಾಮ್ ರೂಪದಲ್ಲಿ ಒಂದು ಪ್ರತಿ ತೆಗೆದಿಡು. 1984ರಿಂದ ಬಂದ ಕ್ರಮ ಅದು, ಬೇರೆ ಯಾವ ವಂಶಾವಳಿ ಸಾಫ್ಟ್‌ವೇರಾದರೂ ಹೆಚ್ಚುಕಡಿಮೆ ಓದುತ್ತದೆ. ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ಹಾಕಿಸಿ ನನಗೊಂದು ಕಳಿಸು. ಫ್ಯಾಮಿಲಿಸರ್ಚಿನಲ್ಲೂ ಮರ ಕಟ್ಟಬಹುದು, ಆದರೆ ಅಲ್ಲಿಯದು ಲೋಕಕ್ಕೆಲ್ಲ ಸೇರಿ ಒಂದೇ ಮರ, ತೀರಿಹೋದವರ ಕೊಂಬೆಯನ್ನು ಯಾರು ಬೇಕಾದರೂ ತಿದ್ದುತ್ತಾರೆ. ನಾನಾದರೆ ಅಲ್ಲಿ ಹುಡುಕುತ್ತೇನೆ, ನಮ್ಮದನ್ನು ಇಲ್ಲಿ ಬರೆದಿಡುತ್ತೇನೆ.

ಬದುಕಿರುವವರ ವಿವರ ಜಾಲತಾಣಕ್ಕೆ ಏರಿಸಬೇಡ. ಆಧಾರ್ ಬೇಡವೇ ಬೇಡ. ತಾಯಿಯ ತವರಿನ ಹೆಸರೂ ಬೇಡ, ಬ್ಯಾಂಕಿನವರು ಗುರುತಿಗೆ ಅದನ್ನೇ ಕೇಳುತ್ತಾರೆ. ಇನ್ನೊಂದು ಸೂಕ್ಷ್ಮ. ಹಳೇ ಕಾಗದ ಬಿಚ್ಚಿದರೆ ಬಿಚ್ಚಬಾರದ್ದೂ ಬರುತ್ತದೆ. ಎರಡನೇ ಮನೆ, ಹೇಳದೆ ಮುಚ್ಚಿಟ್ಟ ದತ್ತಕ, ತಮ್ಮನ ಪಾಲು ಅಣ್ಣ ನುಂಗಿದ್ದು. ಸಿಕ್ಕಿದ್ದನ್ನು ಬರೆದಿಡು, ಅಳಿಸಬೇಡ. ಆದರೆ ಮನೆಯ ವಾಟ್ಸಾಪ್ ಗುಂಪಿಗೆ ಅದೇ ರಾತ್ರಿ ಹಾಕಬೇಡ. ಅದರಿಂದ ನೋಯುವವರು ಇನ್ನೂ ಬದುಕಿದ್ದರೆ ಮೊದಲು ಅವರ ಹತ್ತಿರ ಹೋಗಿ ಕೂತು ಮಾತಾಡು. ಹಾಗೆಯೇ ಶಿವಾಜಿ ಮಹಾರಾಜರ ಸರದಾರ, ಕಿತ್ತೂರು ಚನ್ನಮ್ಮನ ಸೇನಾಪತಿ ಅಂತ ಒಬ್ಬ ಮೂಲಪುರುಷ ಸಿಕ್ಕೇ ಸಿಗಬೇಕು ಅನ್ನುವ ಆಸೆ ಇಟ್ಟುಕೊಂಡು ಹೊರಡಬೇಡ. ಖಾನಾಪುರದ ಪ್ರತಿ ಮನೆಯಲ್ಲೂ ಒಬ್ಬ ಸರದಾರ ಇದ್ದಿದ್ದರೆ ಗದ್ದೆ ನಟ್ಟಿ ಮಾಡಿದವರು ಯಾರು?

ಬರುವಾಗ ನಿನ್ನಪ್ಪನ ಉತಾರ, ಅವನ ಹೆಸರಿಗೆ ಆದ ವಾರಸಾದ ಕಾಗದ, ಅಜ್ಜನ ಮರಣದ ದಾಖಲೆ ಇವಿಷ್ಟು ತಾ. ಹಳೇ ನಕಲಿನ ಅರ್ಜಿ ಖಾನಾಪುರದ ತಹಶೀಲ್ದಾರ ಕಚೇರಿಯಲ್ಲಿ ಕೊಡಬೇಕು, ಸರ್ವೆ ನಂಬರು ಮತ್ತು ಯಾವ ಇಸವಿಯಿಂದ ಯಾವ ಇಸವಿ ಅಂತ ಖಚಿತ ಬರೆದರೆ ಬೇಗ ಸಿಗುತ್ತದೆ. ‘ನಮ್ಮ ಮನೆತನದ್ದೆಲ್ಲ ಕೊಡಿ’ ಅಂದರೆ ದಫ್ತರದವರು ನಾಳೆ ಬಾ ಅನ್ನುತ್ತಾರೆ. ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ನಡೆದಿದೆ, ಕೆಲವು ಪುಸ್ತಕ ಕಂಪ್ಯೂಟರಿನಲ್ಲಿಯೇ ಸಿಗಬಹುದು, ಅದನ್ನೂ ಕೇಳು. ನಮ್ಮೂರ ಮಾವುಲಿ ದೇವಿಯ ಜಾತ್ರೆಗೆ ಹೇಗೂ ಬರುತ್ತೀಯಲ್ಲ, ಆಗ ಎರಡು ದಿನ ರಜೆ ಹೆಚ್ಚು ಹಾಕಿಕೊಂಡು ಬಾ. ಎರಡನೇ ಶನಿವಾರ, ನಾಲ್ಕನೇ ಶನಿವಾರ ನೋಡಿಕೋ, ಕಚೇರಿ ಮುಚ್ಚಿರುತ್ತದೆ.